ಅಡಿಮರ ದಾಟಿದರೆ ಐವತ್ತರಲ್ಲೊಂದು ಸಾವು

೧

ಎಲ್ಲಿಂದ ಶುರು ಮಾಡಲಿ?

ಸಮುದ್ರದಿಂದ ಶುರು ಮಾಡಿದರೆ ಕೊನೆಗೊಂದು ಬಿರುಗಾಳಿ ಬೇಕು ಎನ್ನುತ್ತೀರಿ. ನನ್ನ ಹತ್ತಿರ ಬಿರುಗಾಳಿ ಇಲ್ಲ. ಇರುವುದೊಂದು ಹಳೆಯ ಏಸಿ, ಅದೂ ಮನಸ್ಸು ಬಂದಾಗ ಮಾತ್ರ ಗಾಳಿ ಬಿಡುತ್ತದೆ. ಮಸ್ಕತ್ತಿನಾಚೆಯ ಈ ಸೂರ್ ಊರಿನಿಂದ ಶುರು ಮಾಡಿದರೆ ಪ್ರವಾಸೋದ್ಯಮ ಇಲಾಖೆಯ ಕೈಪಿಡಿಯಾಗುತ್ತದೆ. ‘ಒಂದು ಊರಿನಲ್ಲಿ ಹಡಗು ಕಟ್ಟುವ ಮುದುಕನೊಬ್ಬನಿದ್ದ’ ಎಂದರೆ ನೀವು ಈಗಲೇ ಕಣ್ಣೊರೆಸಿಕೊಳ್ಳಲು ಕೂತುಬಿಡುತ್ತೀರಿ, ಮುದುಕನಿಗೆ ಅದು ಹಿಡಿಸುವುದಿಲ್ಲ. ಮೂರೂ ಬರೆದೆ, ಮೂರನ್ನೂ ಹರಿದು ಹಾಕಿದೆ. (ಸುಳ್ಳು. ಮೊಬೈಲಿನಲ್ಲಿ ಬರೆಯುವವನು ಹರಿಯುವುದೇನು, ಬೆರಳೊತ್ತಿ ಅಳಿಸಿದೆ. ಹರಿದು ಹಾಕಿದೆ ಎಂದರೆ ಸ್ವಲ್ಪ ಸಾಹಿತಿ ಅನ್ನಿಸುತ್ತದೆ.)

ಕೊನೆಗೆ ಕತೆಯ ಮುದುಕನನ್ನೇ ಕೇಳಿದೆ. ಅವನು ಕಹ್ವಾ ಎನ್ನುವ ಇಲ್ಲಿಯ ಕಾಫಿ ಹೀರುತ್ತಾ, ಹಡಗು ಎಲ್ಲಿಂದ ಶುರುವಾಗುತ್ತದೆ ಎಂದು ತಿರುಗಿ ಕೇಳಿದ. ಅಡಿಮರದಿಂದ ಅಂದೆ.

“ಮತ್ತೆ ನನ್ನ ತಲೆ ಯಾಕ್ ತಿಂತೀಯ?” ಅಂದ.

೧ (ಮತ್ತೆ, ಈ ಸಲ ಸರಿಯಾಗಿ)

ಉಸ್ತಾದ್ ಮಬ್ಖೂತ್ ತನ್ನ ಮನೆಯ ಮಜ್ಲಿಸಿನಲ್ಲಿ, ಅಂದರೆ ಬಂದವರು ಕೂತು ಹರಟುವ ಕೋಣೆಯಲ್ಲಿ, ಕೆಂಪು ಜಮಖಾನದ ಮೇಲೆ ಅಡಿಮರ ಇಟ್ಟ. (ಗೌರವಕ್ಕೆ ‘ಇಟ್ಟರು’ ಎಂದು ಬರೆದಿದ್ದೆ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಮೀನನ್ನ ಉಂಡ ಮೇಲೆ ಬಹುವಚನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು, ತೆಗೆದೆ.)

ಅಡಿಮರವೆಂದರೆ ಹಡಗಿನ ತಳದ ಉದ್ದನೆಯ ತೊಲೆ. ಅದರ ಮೇಲೇ ಉಳಿದದ್ದೆಲ್ಲ ಏಳಬೇಕು. ಇಲ್ಲಿ ತೊಲೆಯೆಂದರೆ ನನ್ನ ಮೊಣಕೈಗಿಂತ ಸ್ವಲ್ಪ ಉದ್ದದ ತೇಗದ ತುಂಡು, ಯಾಕೆಂದರೆ ಹಡಗು ನಿಜದ್ದಲ್ಲ, ಮಾದರಿ. ಉಸ್ತಾದ್ ಹರೆಯದಲ್ಲಿ ಕಟ್ಟಿದ ಘಂಜಾ ಒಂದರ ಪುಟ್ಟ ರೂಪ, ಅಳತೆ ಐವತ್ತಕ್ಕೆ ಒಂದು. (ಘಂಜಾ ಎನ್ನುವುದು ಹಿಂಭಾಗ ಚೆನ್ನಾಗಿ ಕೆತ್ತಿಸಿಕೊಂಡು ಮೆರೆಯುತ್ತಿದ್ದ ಹಳೆಯ ಹಾಯಿಹಡಗು. ಪೊಲೀಸರು ಓದುತ್ತಿದ್ದರೆ ದಯವಿಟ್ಟು ಗಮನಿಸಿ, ಸೇದುವುದಲ್ಲ.)

ನಾನು ಈ ಮನೆಯ ಮಹಡಿಯ ಬಾಡಿಗೆದಾರ. ಕೆಳಗಿನ ಬೀದಿಯಲ್ಲಿ ಮೊಳೆ, ಬಣ್ಣ, ಅಂಟು ಮಾರುವ ಅಂಗಡಿ ನೋಡಿಕೊಳ್ಳುತ್ತೇನೆ. ಹೆಸರು ವಾಸುದೇವ ಪೈ. ಇಲ್ಲಿಯ ಅರಬರ ಬಾಯಿಗೆ ‘ಪ’ ಹತ್ತುವುದಿಲ್ಲವಾದ್ದರಿಂದ ಊರಿಗೆಲ್ಲ ‘ಬೈ’. ಯಾರಾದರೂ ಬೀದಿಯ ಆ ತುದಿಯಿಂದ “ಬೈ, ಬೈ” ಎಂದು ಕೂಗಿದರೆ ಇಂದಿಗೂ ಬಾಯಿಗೆ ಒಳ್ಳೊಳ್ಳೆಯ ಕುಂದಾಪುರದ ಬೈಗುಳ ಬರುತ್ತವೆ, ನುಂಗಿಕೊಳ್ಳುತ್ತೇನೆ. ಆ ತೇಗದ ತುಂಡೂ ನಮ್ಮ ಕರಾವಳಿಯಿಂದಲೇ ಬಂದದ್ದು, ಹಳೆಯ ಹಡಗೊಂದರ ಚುಕ್ಕಾಣಿಯಿಂದ ಕೊಯ್ದದ್ದು. ನಾನೂ ಅಲ್ಲಿಂದಲೇ ಬಂದವನು. ಮರಕ್ಕೆ ಸಿಕ್ಕ ಮರ್ಯಾದೆ ನನಗಿನ್ನೂ ಸಿಕ್ಕಿಲ್ಲ.

ಮೊದಲು ಮಗಳು ಝುವೈನಾ ಅಪ್ಪನಿಗೆ ಅಂಗಡಿಯ ಮಾದರಿ ಹಡಗಿನ ಪೆಟ್ಟಿಗೆ ತಂದುಕೊಟ್ಟಿದ್ದಳು, ಯಾವುದೋ ಯುರೋಪಿನ ಹಡಗು. ಅದರಲ್ಲಿ ಮೊದಲು ಪಕ್ಕೆಲುಬು ನಿಲ್ಲಿಸಿ ಆಮೇಲೆ ಹಲಗೆ ಹೊದಿಸಬೇಕು. ಉಸ್ತಾದನಿಗೆ ಅದು ಹುಚ್ಚರ ಕೆಲಸ. ಇಲ್ಲಿ ಹಲಗೆ ಮೊದಲು, ಹಡಗಿನ ಮೈ ಕಣ್ಣಂದಾಜಿನಲ್ಲೇ ಬಾಗಿ ಬಂದ ಮೇಲೆ ಒಳಗೆ ಪಕ್ಕೆಲುಬು. ಪೆಟ್ಟಿಗೆ ಈಗ ಖರ್ಜೂರದ ಬೀಜ ಹಾಕಲು ಬಳಕೆಯಲ್ಲಿದೆ. (ನನ್ನ ಕತೆಗೂ ಇದೇ ಕ್ರಮ. ಮೈ ಬಂದಿದೆ, ಎಲುಬು ಹುಡುಕುತ್ತಿದ್ದೇನೆ.)

೨

ಈಗ ಊರಿನ ನಂಬಿಕೆಯೊಂದನ್ನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ಗೊತ್ತಾಗುವುದಿಲ್ಲ.

ಬರಿಯ ಅಡಿಮರ ನೆಲದ ಮೇಲಿರುವಾಗ ಮಕ್ಕಳಾಗದ ಹೆಂಗಸು ಅದನ್ನು ದಾಟಿ ಹಾರಿದರೆ ಬಸಿರಾಗುತ್ತಾಳೆ. ಅಷ್ಟೇ ಆಗಿದ್ದರೆ ಒಳ್ಳೆಯದಿತ್ತು. ಬರುವ ಜೀವಕ್ಕೆ ಜಾಗ ಬಿಡಲು ಆ ಹಡಗಿಗೆ ಕೈಹಾಕಿದ ಬಡಗಿಗಳಲ್ಲಿ ಒಬ್ಬ ಹೋಗುತ್ತಾನೆ. ಯಾರು ಎಂದು ಅಡಿಮರ ಮೊದಲೇ ಹೇಳುವುದಿಲ್ಲ. ಮೊದಲ ಹಲಗೆ ಕೂತ ಮೇಲೆ ಮರದ ಈ ಶಕ್ತಿ ಮುಗಿಯಿತು. ಅದಕ್ಕೇ ಹಿಂದೆಲ್ಲ ಅಂಗಳದಲ್ಲಿ ಅಡಿಮರ ಇಟ್ಟ ದಿನದಿಂದ ಹಲಗೆ ಏರುವವರೆಗೆ ಬಡಗಿಗಳು ಸರದಿಯಲ್ಲಿ ಕಾವಲು ಕೂರುತ್ತಿದ್ದರು.

ಉಸ್ತಾದ್ ಇದನ್ನು ಕಣ್ಣಾರೆ ಕಂಡವನು. ಅವನು ಕೆಲಸ ಕಲಿಯುತ್ತಿದ್ದಾಗ ಒಬ್ಬಾಕೆ ಕಾವಲು ತಪ್ಪಿಸಿ ಹಾರಿದಳಂತೆ. ಅವಳಿಗೆ ಗಂಡುಮಗು ಹುಟ್ಟಿತು, ಇವನ ಸೋದರಮಾವ ಅಟ್ಟಣಿಗೆಯಿಂದ ಬಿದ್ದು ಹೋದ. ಆ ಮಗು ಈಗ ದಪ್ಪಗಿನ ಗಂಡಸಾಗಿ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾನೆ. ಉಸ್ತಾದ್ ಅವನ ಹತ್ತಿರವೇ ಮೀನು ಕೊಳ್ಳುವುದು, ಅವನ ಹತ್ತಿರವೇ ಜಗಳವಾಡುವುದು. “ನಿನ್ನ ಲೆಕ್ಕದಲ್ಲಿ ನಮ್ಮ ಮಾವನ್ನೇ ಕೊಟ್ಟಾಗಿದೆ, ಈ ಸುರ್ಮಾಯಿ ಮೀನಿಗೆ ಇನ್ನೂ ಕೊಡಬೇಕಾ?” ಎನ್ನುತ್ತಾನೆ. ಮೀನಿನವನಿಗೂ ಅದು ಅಭ್ಯಾಸವಾಗಿ, ನಿಮ್ಮ ಮಾವನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಒಂದು ತಲೆ ಹೆಚ್ಚಿಗೆ ಹಾಕುತ್ತಾನೆ.

ಈಗ ಝುವೈನಾಳ ವಿಷಯ. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರ್. ಗಂಡ ಹಮೂದ್ ಬಂದರಿನಲ್ಲಿ ಕೆಲಸ ಮಾಡುತ್ತಾನೆ, ಮಾತು ಕಡಿಮೆ, ನಗು ಹೆಚ್ಚು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿಲ್ಲ. ಮಸ್ಕತ್ತಿನ ಡಾಕ್ಟರು ಆಯಿತು, ಹಿಂದೂಸ್ತಾನದ ಡಾಕ್ಟರೂ ಆಯಿತು. ಶುಕ್ರವಾರ ಇಬ್ಬರೂ ಊಟಕ್ಕೆ ಬರುತ್ತಾರೆ.

ನಮ್ಮ ಉಸ್ತಾದ್ ಮಾಡಿದ ತಪ್ಪೇನೆಂದರೆ, ಅಡಿಮರವನ್ನು ಮೇಜಿನ ಮೇಲಿಡಲಿಲ್ಲ. ಇವರ ಬಡಗಿಗಳು ನೆಲದ ಮೇಲೆ ಕೂತು, ಮರವನ್ನು ಕಾಲಬೆರಳಲ್ಲಿ ಅದುಮಿ ಹಿಡಿದು ಬಾಚಿ ಬೀಸುವವರು. ಮೇಜು ಎನ್ನುವುದು ಗುಮಾಸ್ತರಿಗೆ. ಹಾಗಾಗಿ ಅಡಿಮರ ಬಂದು ಕೂತದ್ದು ಮುಂಬಾಗಿಲಿಗೂ ಅಡುಗೆಮನೆಯ ಬಾಗಿಲಿಗೂ ನಡುವೆ, ಅಡ್ಡಡ್ಡ. ಮಗಳು ಶುಕ್ರವಾರ ಅನ್ನದ ತಟ್ಟೆ ಹಿಡಿದು ಓಡಾಡುವ ದಾರಿ ಅದೇ. ಇದು ಹೊಳೆದಾಗ ಮುದುಕನಿಗೆ ಬೆವರು ಬಂತು.

೪

(ಮೂರನೆಯ ಭಾಗದಲ್ಲಿ ಒಂದು ಬೆಕ್ಕು ಅಡಿಮರ ಹಾರಿ ಮರಿ ಹಾಕುತ್ತಿತ್ತು. ಚೆನ್ನಾಗಿಯೇ ಬಂದಿತ್ತು. ನಮ್ಮನೆಯಲ್ಲಿ ಬೆಕ್ಕೇ ಇಲ್ಲವಲ್ಲ ಎಂದು ಉಸ್ತಾದ್ ತಕರಾರು ತೆಗೆದ. ಕತೆಗೆ ಬೇಕಪ್ಪಾ ಅಂದೆ. ಕತೆಗೆ ಬೇಕೆಂದು ನನ್ನ ಮನೆಗೆ ಬೆಕ್ಕು ಬಿಡುತ್ತೀಯಾ, ಮೀನು ಯಾರು ಕಾಯೋದು ಅಂದ. ಮೂರು ಹೋಯಿತು.)

ಅಂದಿನಿಂದ ಕಾವಲು ಶುರು. ಹಾಸಿಗೆ ಮಜ್ಲಿಸಿಗೆ ಬಂತು. ಮಸೀದಿಗೆ ಹೋಗುವಾಗ ಅಡಿಮರವನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗತೊಡಗಿದ. ಇಮಾಮರು ಇದೇನು ಎಂದು ವಿಚಾರಿಸಿದರಂತೆ. ಹಡಗು ಎಂದನಂತೆ. ಅವರು ಅವನ ಕಣ್ಣನ್ನು ಸ್ವಲ್ಪ ಹೊತ್ತು ನೋಡಿ, ಚಪ್ಪಲಿಯ ಪಕ್ಕ ಇಡು ಎಂದರಂತೆ. ಚಪ್ಪಲಿಯ ಪಕ್ಕ ಇಟ್ಟರೆ ಯಾರಾದರೂ ದಾಟುತ್ತಾರೆ ಎಂದು ಎದುರಿಗೇ ಇಟ್ಟುಕೊಂಡು ನಮಾಜು ಮಾಡಿದ.

ಝುವೈನಾ ನಕ್ಕಳು. ಅಪ್ಪ ನಗಲಿಲ್ಲ. ಮುಂದಿನ ಶುಕ್ರವಾರ ಅವಳು ಸುಮ್ಮನೆ ತಮಾಷೆಗೆ, ಸೀರಾ ಮೀನಿನ ಸಾರು ಬಡಿಸುತ್ತಾ, ಹಾರಿದರೆ ಏನಾದೀತು ಎಂದು ಕೇಳಿದಳು. ಕೇಳುವಾಗ ತಮಾಷೆ ಇತ್ತು. ಉತ್ತರಕ್ಕೆ ಕಾಯುವಾಗ ಇರಲಿಲ್ಲ. ಅದನ್ನು ನಾವು ಮೂವರೂ ನೋಡಿದೆವು, ತಟ್ಟೆಗೆ ಕಣ್ಣು ಹಾಕಿದೆವು.

“ಬೇಡ ಅಮ್ಮಾ,” ಅಂದ ಉಸ್ತಾದ್. (ಇಲ್ಲಿಯ ಅಪ್ಪಂದಿರು ಮಗಳನ್ನು ‘ಬಾಬಾ’, ಅಂದರೆ ಅಪ್ಪ, ಎಂದು ತಮ್ಮದೇ ಹೆಸರಿನಿಂದ ಕರೆಯುತ್ತಾರೆ. ನಮ್ಮಲ್ಲಿ ಅಮ್ಮಾ ಎನ್ನುವ ಹಾಗೆ. ಹಾಗೇ ಬರೆದೆ.)

“ನಾನು ಇದನ್ನೆಲ್ಲ ನಂಬಲ್ಲಪ್ಪ. ನಂಬಿದ್ರೂ ಲೆಕ್ಕ ನೋಡಿ. ಹಡಗು ಐವತ್ತರಲ್ಲೊಂದು ಪಾಲು. ಹಾಗಿದ್ರೆ ಸಾವೂ ಐವತ್ತರಲ್ಲೊಂದೇ ಪಾಲು ಬರಬೇಕು.”

“ಐವತ್ತರಲ್ಲೊಂದು ಸಾವು ಅಂದ್ರೆ ಎಷ್ಟು?”

“ಒಂದು ಹಲ್ಲು ಬೀಳಬಹುದು.”

“ಹಾಗಿದ್ರೆ ಮಗೂನೂ ಐವತ್ತರಲ್ಲೊಂದು ಪಾಲು ಹುಟ್ಟುತ್ತೆ,” ಅಂದ ಉಸ್ತಾದ್. “ಬೆಂಕಿಪೊಟ್ಟಣದಲ್ಲಿ ಮಲಗಿಸ್ತೀಯಾ?”

ಹಮೂದನಿಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು. ಅವಳೂ ನಕ್ಕಳು. ಆಮೇಲೆ ಅಡಿಮರವನ್ನು ಸುತ್ತು ಬಳಸಿಕೊಂಡು ಅಡುಗೆಮನೆಗೆ ಹೋದವಳು ನೀರಿನ ನಲ್ಲಿಯನ್ನು ಬಹಳ ಹೊತ್ತು ಬಿಟ್ಟುಕೊಂಡಳು. ಮುದುಕ ಕಹ್ವಾದ ಬಟ್ಟಲು ಅಲ್ಲಾಡಿಸಿ, ಇನ್ನು ಸಾಕು ಎಂದು ಕೆಳಗಿಟ್ಟ. ಅವನು ನಾಲ್ಕು ಬಟ್ಟಲಿಗೆ ಮುಂಚೆ ಹಾಗೆ ಇಟ್ಟದ್ದನ್ನು ನಾನು ನೋಡಿರಲಿಲ್ಲ.

೪ಅ

ಈ ಭಾಗವನ್ನು ಝುವೈನಾಳಿಗೆ ಅವಳ ಭಾಷೆಗೆ ತಿರುಗಿಸಿ ಓದಿ ಹೇಳಿದೆ. ಕನ್ನಡ ಬಾರದಿದ್ದರೂ ಗಣಿತದವಳಲ್ಲವೇ, ತಪ್ಪು ಹಿಡಿದಳು.

“ಬೈ ಮಾಮ, ನಲ್ಲಿ ತೆಗೀರಿ.”

“ಅದು ಚೆನ್ನಾಗಿದೆಯಲ್ಲಮ್ಮ.”

“ಚೆನ್ನಾಗಿದೆ ಅಂತಾನೇ ತೆಗೀರಿ. ಓದೋರು ಅಯ್ಯೋ ಪಾಪ ಅಂತಾರೆ. ನಂಗೆ ಊರಲ್ಲಿ ಸಿಗೋ ಅಯ್ಯೋ ಪಾಪಾನೇ ಸಾಕಾಗಿದೆ, ನಿಮ್ಮೂರಿಂದ ಬೇರೆ ತರಿಸ್ಬೇಡಿ. ಮತ್ತೆ ಆ ಪದ ಇದೆಯಲ್ಲ, ನಿಮ್ಮ ಭಾಷೇಲೂ ಇದ್ದೇ ಇರುತ್ತೆ, ಅದನ್ನ ಬರೆದ್ರೆ ನಾನು ಕತೆಯಿಂದ ಎದ್ದು ಹೋಗ್ತೀನಿ.”

ಆ ಪದ ಬರೆದಿಲ್ಲ, ನೋಡಿಕೊಳ್ಳಿ. ನಲ್ಲಿಯನ್ನು ಮಾತ್ರ ತೆಗೆಯಲಾಗಲಿಲ್ಲ. ಆ ನೀರು ಹರಿಯುವುದನ್ನು ನಾನೂ ಕೂತು ಕೇಳಿದ್ದೆ, ಅದನ್ನು ಎಲ್ಲಿಡಲಿ?

೫

ಇಲ್ಲಿಂದ ಉಸ್ತಾದನ ಬುದ್ಧಿ ಕೆಟ್ಟಿತು ಎಂದು ನಾವೆಲ್ಲ ಅಂದುಕೊಂಡೆವು.

ಹಮೂದ್ ಶುಕ್ರವಾರ ಊಟವಾದ ಮೇಲೆ ಮಾವನ ಜೊತೆ ಕೂತು ಅಡಿಮರಕ್ಕೆ ಉಪ್ಪುಕಾಗದ ಉಜ್ಜಿ ನಯ ಮಾಡುತ್ತಿದ್ದ. ಒಂದು ದಿನ ಉಸ್ತಾದ್ ಸುಮ್ಮಸುಮ್ಮನೆ ಅವನ ಮೇಲೆ ಹರಿಹಾಯ್ದ. ನಿನ್ನದು ಬಂದರಿನ ಕೈ, ಕ್ರೇನು ಎಳೆಯೋ ಕೈ, ಹಡಗಿನ ಹತ್ತಿರ ಬರಬೇಡ ಅಂದ. ಹಮೂದ್ ನಗುತ್ತಲೇ ಎದ್ದು ಹೋದ, ಆದರೆ ಕಾರಿನಲ್ಲಿ ಹೋಗಿ ಕೂತ. ಮುಂದಿನ ಸರದಿ ನನ್ನದು. ಅಡಿಮರದ ಹಿಂತುದಿಯಲ್ಲಿ ಕಂಬ ಕೂರಿಸುವ ತೂತನ್ನು ನಾನೇ ಬೈರಿಗೆ ಹಿಡಿದು ಕೊರೆದಿದ್ದೆ, ಸ್ವಲ್ಪ ಸೊಟ್ಟಗಾಗಿತ್ತು. ಆ ಸೊಟ್ಟ ತೂತಿಗೆ ನನ್ನ ವಂಶವನ್ನೆಲ್ಲ ಎಳೆದು ತಂದ. ಅಂಟು ಮಾರುವವನು ಅಂಟು ಮಾರಿಕೊಂಡಿರಬೇಕು ಅಂದ. ನಾನು ಸಿಟ್ಟಿನಿಂದ ಮಹಡಿ ಹತ್ತಿ, ಅವನನ್ನು ಈ ಕತೆಯಲ್ಲಿ ಸಾಯಿಸಿಬಿಟ್ಟೆ. ಎರಡು ಪುಟ, ತುಂಬ ಚೆನ್ನಾಗಿ ಸತ್ತಿದ್ದ.

ಆ ಪುಟಗಳನ್ನು ಬೆಳಿಗ್ಗೆ ಅಳಿಸಿದ್ದಕ್ಕೆ ಕಾರಣವಿದೆ. ಕೆಳಗಿಳಿದು ನೋಡಿದರೆ ಜಮಖಾನದ ಮೇಲೆ ಅಡಿಮರ ಇತ್ತು, ನನ್ನ ತೂತು ಇರಲಿಲ್ಲ. ನೇರವಾದ, ಚೊಕ್ಕವಾದ ಬೇರೆ ತೂತು. ಮರವೇ ಬೇರೆ. ಅದೇ ಚುಕ್ಕಾಣಿಯಿಂದ ಇನ್ನೊಂದು ತುಂಡು ಕೊಯ್ದು, ಒಬ್ಬನೇ ಕೆತ್ತಿ, ಒಬ್ಬನೇ ಉಜ್ಜಿ ಇಟ್ಟಿದ್ದ. ಹಳೆಯದು, ಮೂವರ ಕೈ ಬಿದ್ದದ್ದು, ಅಂಗಳದಲ್ಲಿ ಟೊಮೇಟೊ ಗಿಡಕ್ಕೆ ಊರುಗೋಲಾಗಿ ನಿಂತಿತ್ತು.

ಅದನ್ನು ನೋಡುತ್ತಾ ನಿಂತವನಿಗೆ ಮೆಲ್ಲಗೆ ಅರ್ಥವಾಯಿತು. ಒಬ್ಬನೇ ಬಡಗಿ ಇದ್ದರೆ ಅಡಿಮರ ಯಾರನ್ನು ಆರಿಸಬೇಕು ಎಂದು ಯೋಚಿಸಬೇಕಾಗಿಲ್ಲ.

(ಲೇಖಕ ಸತ್ತ ಎಂದು ವಿಮರ್ಶಕರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಸೊಟ್ಟ ತೂತು ಕೊರೆದು ನಿಜಕ್ಕೂ ಸಾಯಬಹುದಾಗಿದ್ದ ಲೇಖಕ ನಾನು. ಮುದುಕ ನನ್ನನ್ನು ಬೈದು ಉಳಿಸಿದ್ದ. ಬೈ ಎನ್ನುವ ಹೆಸರು ಆ ದಿನ ಸಾರ್ಥಕವಾಯಿತು.)

೬

ಶುಕ್ರವಾರ, ಊಟದ ನಂತರ. ಸೂರ್ ಊರು ಮಲಗುವ ಹೊತ್ತು. ಹಮೂದ್ ಅಂಗಳದ ಬೇವಿನ ನೆರಳಿನಲ್ಲಿ ಕಾರಿನ ಸೀಟು ಹಿಂದಕ್ಕೆ ಹಾಕಿ ಮಲಗಿದ್ದ. ಉಸ್ತಾದ್ ಈ ಸಲ ಅಡಿಮರವನ್ನು ಟವೆಲಿನಲ್ಲಿ ಸುತ್ತಲಿಲ್ಲ. ಜಮಖಾನದ ನಟ್ಟನಡುವೆ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿ, ಗೊರಕೆ ಶುರು ಮಾಡಿದ. ನಾನು ಇವನ ಗೊರಕೆಯ ಮೇಲ್ಮಹಡಿಯಲ್ಲಿ ಬದುಕಿದವನು. ನಿಜವಾದದ್ದು ನಡುನಡುವೆ ನಿಂತು ನಮ್ಮನ್ನು ಹೆದರಿಸುತ್ತದೆ. ಇದು ರೇಡಿಯೋ ನಾಟಕದ ಗೊರಕೆ, ಒಂದೇ ತಾಳ.

ಝುವೈನಾ ಅಡುಗೆಮನೆಯಿಂದ ಹಿತ್ತಲ ಬಾಗಿಲು ದಾಟಿ ಮೆಟ್ಟಿಲಿನ ಹತ್ತಿರ ಬಂದಳು. ಅಪ್ಪನಿಗೆ ಕೊನೆಗೂ ಕಾವಲು ಬೇಜಾರಾಯಿತು ನೋಡಿ ಅಂದಳು. ಕೆನ್ನೆ ಕೆಂಪಾಗಿತ್ತು. ನಂಬದೇ ಇರುವವಳು ಆಗಲೇ ಚಪ್ಪಲಿ ಬಿಚ್ಚಿಟ್ಟಿದ್ದಳು.

ಕತೆಗಾರನಾದವನು ಪಾತ್ರಗಳಿಗೆ ಕತೆ ಹೇಳಿಬಿಡಬಾರದು. ಅದು ಈ ಕಸುಬಿನಲ್ಲಿ ದೊಡ್ಡ ಪಾಪ. ಹೇಳಿಬಿಟ್ಟೆ. ಟೊಮೇಟೊ ಗಿಡದ ಊರುಗೋಲು ತೋರಿಸಿ, ಅದರ ಸೊಟ್ಟ ತೂತು ತೋರಿಸಿ, ನಿನ್ನಪ್ಪ ನಮ್ಮನ್ನು ಯಾಕೆ ಓಡಿಸಿದ ಎಂದು ಹೇಳಿದೆ.

ಅವಳು ಆ ತೂತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮುಂಬಾಗಿಲಿನ ಕಡೆಯಿಂದ ಒಳಗೆ ಹೋದಳು. ನಾನು ಬಾಗಿಲ ಸಂದಿಯಲ್ಲಿ ನಿಂತೆ. (ನಾಚಿಕೆ ಇಲ್ಲವೇ ಎನ್ನುತ್ತೀರಿ. ನೀವೂ ನನ್ನ ಹೆಗಲ ಮೇಲಿಂದ ನೋಡುತ್ತಿದ್ದೀರಿ.) ಅವಳು ಅಡಿಮರದ ಮುಂದೆ ನಿಂತಳು. ಪಾದ ಮುಟ್ಟುವ ಅಬಾಯಾದ ಅಂಚು ಸ್ವಲ್ಪ ಎತ್ತಿದಳು. ಗೊರಕೆಯ ತಾಳ ಒಂದು ಕ್ಷಣ ತಪ್ಪಿತು, ಮತ್ತೆ ಹಿಡಿದುಕೊಂಡಿತು. ಅವಳು ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ನಂಬುವ ಅಪ್ಪ ಹಾರು ಎಂದು ಮಲಗಿದ್ದ, ನಂಬದ ಮಗಳಿಗೆ ಕಾಲು ಏಳಲಿಲ್ಲ.

ಆಮೇಲೆ ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಉಪ್ಪುಕಾಗದ ತೆಗೆದುಕೊಂಡು, ಅಡಿಮರವನ್ನು ಗಸಗಸ ಉಜ್ಜತೊಡಗಿದಳು.

ಗೊರಕೆ ನಡೆಯಿತು. ಉಜ್ಜಾಟ ನಡೆಯಿತು. ಗೊರಕೆ ಸಣ್ಣದಾಯಿತು. ಮುದುಕನ ಬೆನ್ನಿನಲ್ಲಿ ಏನೋ ಸಂಕಟ ಹರಿದಾಡಿತು. ಕೊನೆಗೆ ಗೋಡೆಯ ಕಡೆಯಿಂದ ಮಾತು ಬಂತು.

“ಮರದ ನಾರಿಗೆ ಅಡ್ಡ ಉಜ್ಜಬೇಡ, ಗೀರು ಬೀಳುತ್ತೆ. ಉದ್ದಕ್ಕೆ ಉಜ್ಜು.”

“ನೀವು ಮಲಗಿದೀರಲ್ಲಪ್ಪ.”

“ಮಲಗಿದೀನಿ. ಆದ್ರೂ ಉದ್ದಕ್ಕೆ ಉಜ್ಜು.”

ಅವಳು ಉದ್ದಕ್ಕೆ ಉಜ್ಜಿದಳು. “ಈಗ ನಾನೂ ಬಡಗಿ,” ಅಂದಳು. “ನನ್ನನ್ನೂ ಲೆಕ್ಕಕ್ಕೆ ತಗೋಬೇಕು ನಿಮ್ಮ ಮರ.”

ಮುದುಕ ದಡಕ್ಕನೆ ಎದ್ದು ಕೂತ. ಹೆಂಗಸು ಬಡಗಿಯಾದದ್ದುಂಟೇ ಎಂದು ಕೂಗಾಡಿದ. ಇಲ್ಲವೆಂದು ಎಲ್ಲಿ ಹೇಳಿದೆ, ಕೈಹಾಕಿದವರು ಎಂದಷ್ಟೇ ಇರುವುದು ಎಂದು ಅವಳು ವಾದಿಸಿದಳು. ಅವನು ಉಪ್ಪುಕಾಗದ ಕಿತ್ತುಕೊಳ್ಳಲು ಹೋದ, ಅವಳು ಬಿಡಲಿಲ್ಲ, ಕಾಗದ ಎರಡಾಯಿತು. ಆಗ ಅವನ ದನಿ ಇಳಿಯಿತು.

“ನಂಗೆ ವಯಸ್ಸಾಯ್ತು ಅಮ್ಮಾ. ಹೋಗೋದಂತೂ ಹೋಗ್ತೀನಿ. ಸುಮ್ನೆ ಹೋಗೋದರ ಬದಲು ಒಂದು ಉಪಯೋಗಕ್ಕೆ ಹೋಗ್ತೀನಿ.”

“ಅಪ್ಪನ್ನ ಕೊಟ್ಟು ಮಗು ತರೋಕೆ ಇದೇನು ಮೀನು ಮಾರ್ಕೆಟ್ಟಾ?” ಅಂದಳು ಝುವೈನಾ, ಮತ್ತು ಅತ್ತಳು. (ಕತೆಯಲ್ಲಿ ನಾನು ಅಳಬಾರದು ಎಂದಿದ್ದಳು. ಅತ್ತದ್ದನ್ನು ಅತ್ತಳು ಎಂದೇ ಬರೆಯಬೇಕಾಗುತ್ತದೆ, ಕ್ಷಮಿಸಮ್ಮ.)

೭

ಇನ್ನು ಬಾಗಿಲ ಸಂದಿಯಲ್ಲಿ ನಿಲ್ಲುವುದು ನನ್ನಿಂದಾಗಲಿಲ್ಲ. ನನ್ನದೇ ಕತೆಯೊಳಕ್ಕೆ ಕಾಲಿಟ್ಟೆ. ಬೈರಿಗೆ ಎತ್ತಿಕೊಂಡು, ಉಸ್ತಾದ್ ಹಾಂ ಹಾಂ ಎನ್ನುವಷ್ಟರಲ್ಲಿ ಹಿಂತುದಿಯಲ್ಲಿ ಇನ್ನೊಂದು ತೂತು ಕೊರೆದೆ. ಈ ಸಲವೂ ಸೊಟ್ಟ. ಗಲಾಟೆಗೆ ಎಚ್ಚರಾಗಿ ಹಮೂದ್ ಕಾರಿನಿಂದ ಬಂದ. ಯಾರೂ ವಿವರಿಸಲಿಲ್ಲ. ಹೆಂಡತಿಯ ಮುಖ ನೋಡಿ, ಹರಿದ ಉಪ್ಪುಕಾಗದದ ಇನ್ನೊಂದು ಚೂರು ಎತ್ತಿಕೊಂಡು ಕೂತ.

ಝುವೈನಾ ಮೂಗು ಒರೆಸಿಕೊಂಡು ಲೆಕ್ಕ ಹಾಕಿದಳು. ಐವತ್ತರಲ್ಲೊಂದು ಪಾಲು ಸಾವು, ನಾಲ್ಕು ಬಡಗಿಗಳು. ತಲೆಗೆ ಇನ್ನೂರರಲ್ಲೊಂದು.

“ಇನ್ನೂರರಲ್ಲೊಂದು ಸಾವು ಅಂದ್ರೆ ಎಷ್ಟು?” ಉಸ್ತಾದ್ ಕೇಳಿದ.

ಹಮೂದ್ ಆ ದಿನ ಆಡಿದ ಒಂದೇ ಮಾತು ಇದು: “ಒಂದು ನೆಗಡಿ, ಮಾವ.”

ಮುದುಕ ಬೆರಳು ಮಡಿಸಿ ಎಣಿಸಿದ. ಮೂವತ್ತು ಜನ ಬಡಗಿಗಳು ಕೂಡಿ ಕಟ್ಟಿದ ಹಡಗುಗಳಲ್ಲೂ ಯಾರಿಗೂ ಈ ಪಾಲಿನ ಲೆಕ್ಕ ಹೊಳೆದಿರಲಿಲ್ಲ ಅಂದ. ಅಲ್ಲಿ ಅಳತೆ ಪೂರ್ತಿಯದಾಗಿತ್ತು, ಅದಕ್ಕೆ ಅಂದಳು ಮಗಳು. ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳಿತು. ಉಸ್ತಾದ್ ಎದ್ದು, ಗಂಡಸರೆಲ್ಲ ಹೊರಗೆ ನಡೆಯಿರಿ ಎಂದು ನಮ್ಮನ್ನು ಅಟ್ಟಿದ. ನಾನು ಯಾವ ಮಸೀದಿಗೆ ಹೋಗಲಪ್ಪ ಅಂದರೆ, ನಿನ್ನ ಅಂಗಡಿಗೆ ಹೋಗು ಅಂದ. ಅಡಿಮರ ಜಮಖಾನದ ಮೇಲೇ ಉಳಿಯಿತು. ಟವೆಲು ಗೂಟದಲ್ಲಿ ನೇತಾಡುತ್ತಿತ್ತು.

ತಿರುಗಿ ಬಂದಾಗ ಮಜ್ಲಿಸಿನಲ್ಲಿ ಯಾರೂ ಇರಲಿಲ್ಲ. ಝುವೈನಾ ಅಡುಗೆಮನೆಯಲ್ಲಿ ಕಹ್ವಾ ಕಾಯಿಸುತ್ತಿದ್ದಳು. ಬಿಟ್ಟು ಹೋಗುವಾಗ ಅವಳು ಅಡಿಮರದ ಈಚೆ ಇದ್ದಳು, ಈಗ ಆಚೆ ಇದ್ದಳು. ಸುತ್ತಿಕೊಂಡು ಹೋದಳೋ, ದಾಟಿಕೊಂಡು ಹೋದಳೋ?

ಮುಕ್ತಾಯ, ಮೊದಲನೆಯದು

ಸುತ್ತಿಕೊಂಡು ಹೋದಳು. ಅಪ್ಪ ಮರುದಿನ ಹಲಗೆ ಏರಿಸಿದ. ಘಂಜಾ ಮುಗಿಯಿತು. (ಉಸ್ತಾದ್ ಒಪ್ಪಲಿಲ್ಲ. ಮರುದಿನಕ್ಕೆಲ್ಲ ಹಲಗೆ ಬಾಗುವುದಿಲ್ಲ, ಗೊತ್ತಿಲ್ಲದ್ದನ್ನು ಬರೆಯಬೇಡ ಅಂದ.)

ಮುಕ್ತಾಯ, ಇನ್ನೊಂದು

ದಾಟಿದಳು. ಒಂಬತ್ತು ತಿಂಗಳಿಗೆ ತೊಟ್ಟಿಲು. (ಝುವೈನಾ ಒಪ್ಪಲಿಲ್ಲ. “ಮಗು ಬಂದ್ರೆ ಮಾತ್ರ ಕತೆ ಮುಗಿಯೋದಾ ಬೈ ಮಾಮ? ಹಾಗಿದ್ರೆ ಇಷ್ಟು ದಿನ ನಾನೇನು ಅರ್ಧ ಕತೇನಾ?” ಅಂದಳು. ಅಳಿಸಿದೆ.)

ಅವಳನ್ನೇ ಕೇಳಿದೆ. ದಾಟಿದ್ದರೂ ಸುತ್ತಿದ್ದರೂ ಅದು ನಮ್ಮನೆ ವಿಷಯ ಅಂದಳು. ಉಸ್ತಾದನನ್ನು ಕೇಳಿದೆ. ತೇಗ ಇನ್ನೂ ಒಣಗಬೇಕು ಅಂದ. ನೂರು ವರ್ಷ ಉಪ್ಪುನೀರು ಕುಡಿದು ಒಣಗಿದ ಚುಕ್ಕಾಣಿಯ ತೇಗ! ಅಡಿಮರ ಇಂದಿಗೂ ಜಮಖಾನದ ಮೇಲೆ ಬರಿಯದಾಗಿಯೇ ಇದೆ, ಮೊದಲ ಹಲಗೆ ಏರಿಲ್ಲ. ಕಾವಲು ಮಾತ್ರ ಇಲ್ಲ. ಬದಲಿಗೆ, ಮನೆಗೆ ಬಂದವರಿಗೆಲ್ಲ ಕಹ್ವಾಕ್ಕೆ ಮುಂಚೆ ಒಂದು ಚೂರು ಉಪ್ಪುಕಾಗದ ಕೈಗೆ ಕೊಡುತ್ತಾನೆ. ಇಮಾಮರು ಉಜ್ಜಿ ಹೋಗಿದ್ದಾರೆ. ಮೀನಿನವನು ಬಂದು, ಏನೆಂದು ಕೇಳಿಸಿಕೊಂಡು, ಎಲ್ಲರಿಗಿಂತ ಹೆಚ್ಚು ಉಜ್ಜಿದ. ಬಡಗಿಗಳು ಹೆಚ್ಚಿದಷ್ಟೂ ಪಾಲು ಕಡಿಮೆಯಾಗುತ್ತದೆ. ಅಡಿಮರವಂತೂ ಸವೆದು ಸವೆದು ಈಗ ಅರವತ್ತಕ್ಕೆ ಒಂದರ ಅಳತೆಗೆ ಬಂದಿದೆ. ನಮ್ಮಲ್ಲಿ ಯಾರಾದರೂ ಸೀನಿದರೆ, ಪಾಲು ಬಂತೇನೋ ಎಂದು ಉಳಿದವರೆಲ್ಲ ಆಸೆಯಿಂದ ಝುವೈನಾಳ ಕಡೆ ನೋಡುತ್ತೇವೆ. ಅವಳು ಧೂಳು, ಮರದ ಧೂಳು ಎಂದು ಕಿಟಕಿ ತೆಗೆಯುತ್ತಾಳೆ.

ಇಲ್ಲಿಗೆ ನಾನು ನಿಲ್ಲಿಸುತ್ತೇನೆ, ಮುಗಿಸುವುದಿಲ್ಲ. ನೀವು ಇಷ್ಟು ದೂರ ಓದಿಕೊಂಡು ಬಂದಿದ್ದೀರಿ, ಸಾಲು ಸಾಲಾಗಿ, ನಾರಿನ ಉದ್ದಕ್ಕೇ. ನಿಮ್ಮ ಕೈಯೂ ಮರಕ್ಕೆ ಬಿತ್ತು ಎಂದೇ ನನ್ನ ಲೆಕ್ಕ. ಹೆದರಬೇಡಿ, ನಿಮ್ಮ ಪಾಲಿಗೆ ಬರುವುದು ಅರ್ಧ ನೆಗಡಿಯೂ ಅಲ್ಲ. ಇದನ್ನು ಓದಿದ ವಾರದಲ್ಲಿ ಕಾರಣವಿಲ್ಲದೆ ನಿಮಗೊಂದು ಸೀನು ಬಂದರೆ, ಸೂರ್ ಊರಿನ ಮೊಳೆ ಅಂಗಡಿಯ ಬೈಗೆ ದಯವಿಟ್ಟು ತಿಳಿಸಿ. ಹಲ್ವಾದ ತಟ್ಟೆ ಹಿಡಿದು ನಾನು ಮೊದಲು ಕೆಳಗಿನ ಮನೆಗೆ ಓಡಬೇಕು.